ನೂರಹನ್ನೆರಡು ಕಿಲೋದ ರೇಸ್ ಕಾರು

ಅಣ್ಣ ಗಲ್ಫಿನಿಂದ ರಜೆಯಲ್ಲಿ ಬಂದ ದಿನವೇ ನಾನು ಹೊಸ ನೋಟ್‌ಬುಕ್ ತೆಗೆದೆ. ಅರವತ್ತು ದಿನದ ರಜೆ. ಆದ್ದರಿಂದ ಅರವತ್ತು ಪುಟಗಳ ತಲೆಯಲ್ಲಿ ಒಂದರಿಂದ ಅರವತ್ತರವರೆಗೆ ಸಂಖ್ಯೆ ಬರೆದಿಟ್ಟೆ. ಮಣಿಪಾಲದ ಲ್ಯಾಬೊಂದರಲ್ಲಿ ದಿನವಿಡೀ ಬೇರೆಯವರ ರಕ್ತದ ಅಂಕಿಗಳನ್ನು ಬರೆಯುವ ನನಗೆ ಮನೆಯಲ್ಲೂ ಗೆರೆ ಎಳೆದ ಪುಸ್ತಕ ಬೇಕು. ಅಮ್ಮ ಇದನ್ನು ಕಾಯಿಲೆ ಎನ್ನುತ್ತಾಳೆ.

ಮೊದಲ ವಾರದ ಮುಖ್ಯ ಲೆಕ್ಕ ಒಂದೇ: "ಯಾವಾಗ ಬಂದದ್ದು, ಯಾವಾಗ ಹೋಗುವುದು?" ಕಾಪುವಿನಲ್ಲಿ ಇದನ್ನು ಒಂದೇ ಉಸಿರಿನಲ್ಲಿ ಕೇಳುತ್ತಾರೆ, ನಡುವೆ ಉತ್ತರ ಹೇಳಲು ಜಾಗ ಬಿಡುವುದಿಲ್ಲ. ಅಣ್ಣ ಪ್ರತಿ ಸಂಜೆ ನನಗೆ ವರದಿ ಕೊಡುತ್ತಿದ್ದ. ಏಳು ದಿನದಲ್ಲಿ ಮೂವತ್ತೆಂಟು ಸಲ. ಬಸ್‌ಸ್ಟ್ಯಾಂಡಿನಲ್ಲಿ ಹನ್ನೊಂದು, ಮೀನು ಮಾರ್ಕೆಟಿನಲ್ಲಿ ಒಂಬತ್ತು, ದೇವಸ್ಥಾನದಲ್ಲಿ ಆರು, ಉಳಿದದ್ದೆಲ್ಲ ನಮ್ಮ ಗೇಟಿನ ಬುಡದಲ್ಲಿ. ಹೋಗುವ ದಿನ ಹೇಳಿಬಿಟ್ಟರೆ ಊರಿಗೆ ಸಮಾಧಾನ. ಹೇಳದಿದ್ದರೆ ಕೆಲಸ ಹೋಗಿದೆ ಎಂದು ಸಂಜೆಯೊಳಗೆ ಉಚ್ಚಿಲದವರೆಗೆ ಸುದ್ದಿ ಮುಟ್ಟುತ್ತದೆ.

ಅಣ್ಣ ಹೋಗುವ ದಿನ ಹೇಳುತ್ತಿರಲಿಲ್ಲ. ಅವನಿಗೆ ಹೋಗಲು ಮನಸ್ಸೇ ಇರಲಿಲ್ಲ.

ನಾಲ್ಕನೇ ದಿನ ಮಧ್ಯಾಹ್ನ ಊಟಕ್ಕೆ ಕೂತಾಗ ಅದನ್ನು ಹೇಳಿಯೇಬಿಟ್ಟ. ಅಲ್ಲಿಯ ಗ್ಯಾರೇಜಿನಲ್ಲಿ ಅವನಿಗೆ ಮೆಕ್ಯಾನಿಕ್ ಎಂದು ಹೆಸರು, ಆದರೆ ಏಳು ವರ್ಷದಿಂದ ಅವನು ಮಾಡಿದ್ದು ಬಂಪರ್ ತೆಗೆಯುವುದು, ಬಂಪರ್ ಹಾಕುವುದು. ಒಂದೇ ಒಂದು ಎಂಜಿನ್ ಬಿಚ್ಚಿಲ್ಲ. ಇಲ್ಲಿಯೇ ಕಾಪುವಿನಲ್ಲಿ ಒಂದು ಶೆಡ್ ಹಾಕಿ ಹಳೆಯ ಕಾಲದ ರೇಸ್ ಕಾರುಗಳನ್ನು ಚಿಕ್ಕದಾಗಿ ಮಾಡುತ್ತೇನೆ ಎಂದ. ಮೊಬೈಲಿನಲ್ಲಿ ಚಿತ್ರ ತೋರಿಸಿದ. ಉದ್ದ ಮೂತಿ, ಹಿಂದಕ್ಕೆ ಚೂಪಾಗುವ ಬಾಲ, ಹೊರಗೆ ಚಾಚಿದ ಕಡ್ಡಿಯ ಚಕ್ರಗಳು, ಬಾನೆಟ್ಟಿನ ಮೇಲೆ ಅಡ್ಡಕ್ಕೆ ಒಂದು ಚರ್ಮದ ಬೆಲ್ಟು. ಒಬ್ಬ ಮಾತ್ರ ಕೂರಬಹುದು, ಅದೂ ಊಟಕ್ಕೆ ಮುಂಚೆ.

ಅಪ್ಪ ಐಸಿನಲ್ಲಿ ಮೀನು ತುಂಬಿಸಿ ಉಡುಪಿಗೂ ಕಾರ್ಕಳಕ್ಕೂ ಟೆಂಪೋದಲ್ಲಿ ಕಳಿಸುವವರು. ಲೋಕದ ಯಾವ ವಸ್ತುವನ್ನು ತೋರಿಸಿದರೂ ಅವರಿಗೆ ಮೊದಲು ಒಂದು ಮೀನು ನೆನಪಾಗಬೇಕು.

"ಬಂಗುಡೆಗೆ ಚಕ್ರ ಇಟ್ಟ ಹಾಗೆ ಉಂಟು" ಎಂದರು. "ಇದನ್ನು ಯಾರು ತೆಗೊಳ್ತಾರೆ?"

"ರೆಸಾರ್ಟಿನವರು, ಮಕ್ಕಳ ಪಾರ್ಕಿನವರು. ಆಸೆ ಇರುವವರು ಇರ್ತಾರೆ ಅಪ್ಪ."

"ಆಸೆ ನಿನಗೂ ಉಂಟು. ಬಂಪರ್ ಬಿಟ್ಟು ಬೇರೆ ಕೆಲಸ ಬರ್ತದಾ ನೋಡುವ." ಅಪ್ಪ ಮೀನಿನ ಮುಳ್ಳನ್ನು ತಟ್ಟೆಯ ಅಂಚಿಗೆ ಜೋಡಿಸಿದರು. "ಒಂದು ಗಾಡಿ ನೀನೇ ಕಟ್ಟು. ನೀನೇ ಕೂತು ನಮ್ಮ ಗೇಟಿನಿಂದ ಶಾಲೆಯ ತನಕ ಹೋಗಿ ವಾಪಸ್ ಬಾ. ಯಾರೂ ದೂಡಬಾರದು. ರಜೆ ಮುಗಿಯುವುದರೊಳಗೆ ಬಂದರೆ ಟಿಕೆಟ್ ಕ್ಯಾನ್ಸಲ್. ಬರದಿದ್ದರೆ ಬಾಯಿ ಮುಚ್ಚಿಕೊಂಡು ವಿಮಾನ ಹತ್ತಬೇಕು."

"ಆಯ್ತು" ಎಂದ ಅಣ್ಣ. ನಾನು ನಾಲ್ಕನೇ ಪುಟದಲ್ಲಿ ಬರೆದೆ: ಗೇಟಿನಿಂದ ಶಾಲೆಗೆ ಆರುನೂರ ಹತ್ತು ಹೆಜ್ಜೆ, ಎರಡು ತಿರುವು, ಅಂಗಳದಿಂದ ರಸ್ತೆಗೆ ಹತ್ತುವಲ್ಲಿ ಒಂದು ಏರು. ಬಾಕಿ ಐವತ್ತಾರು ದಿನ.

ಉಡುಪಿಯ ಗುಜರಿ ಅಂಗಡಿಯಿಂದ ಎರಡು ಹಳೆಯ ಮೊಪೆಡ್ ಬಂದವು. ಚಕ್ರ ನಾಲ್ಕು, ಎಂಜಿನ್ ಎರಡು. ಅದರಲ್ಲಿ ಒಂದು ಎಂಜಿನಿನೊಳಗೆ ಇರುವೆಗಳು ಸಂಸಾರ ಮಾಡಿದ್ದವು. ಅಣ್ಣ ಇನ್ನೊಂದನ್ನು ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಅಂಗಳದಲ್ಲಿ ಹಳೆಯ ಪೇಪರಿನ ಮೇಲೆ ಸಾಲಾಗಿ ಇಟ್ಟ. ನಾನು ಪ್ರತಿ ತುಂಡಿಗೆ ಚೀಟಿ ಅಂಟಿಸಿದೆ: ಒಟ್ಟು ನೂರ ಹದಿನಾಲ್ಕು. ಅವನು ಮತ್ತೆ ಜೋಡಿಸಿದಾಗ ನೂರ ಹದಿಮೂರು ಒಳಗೆ ಹೋದವು. ಉಳಿದ ಒಂದನ್ನು ಇಬ್ಬರೂ ತಿರುಗಿಸಿ ತಿರುಗಿಸಿ ನೋಡಿದೆವು. "ಇದು ಕಂಪೆನಿಯವರು ಹೆಚ್ಚಿಗೆ ಹಾಕಿದ್ದು" ಎಂದು ಅಣ್ಣ ಅದನ್ನು ಕಿಟಕಿಯಲ್ಲಿಟ್ಟ. ಎಂಜಿನ್ ಮೂರನೇ ತುಳಿತಕ್ಕೆ ಸ್ಟಾರ್ಟ್ ಆಯಿತು. ಹೊಗೆ ಇಡೀ ಅಡುಗೆಮನೆಗೆ ಹೋಯಿತು. ಅಮ್ಮ ಸಾರಿನ ಪಾತ್ರೆಗೆ ಮುಚ್ಚಳ ಹಾಕಿದಳು.

ಕಬ್ಬಿಣದ ಪೈಪಿನಲ್ಲಿ ಚಾಸಿ ಎದ್ದಿತು. ಅಂಗಳಕ್ಕೆ ಜನ ಬರತೊಡಗಿದರು. ನಮ್ಮಲ್ಲಿ ಯಾರಾದರೂ ವೆಲ್ಡಿಂಗ್ ಮಾಡುತ್ತಿದ್ದರೆ ನಿಂತು ನೋಡುವುದು ನೋಡುವವನ ಹಕ್ಕು, ಸಲಹೆ ಕೊಡುವುದು ಅವನ ಕರ್ತವ್ಯ. ಇಪ್ಪತ್ತನೇ ದಿನದವರೆಗೆ ನನ್ನ ಪುಸ್ತಕದಲ್ಲಿ ಸಲಹೆಗಳು ತೊಂಬತ್ತಾರು. "ಮೈಲೇಜ್ ಎಷ್ಟು?" ಎಂದು ಕೇಳಿದವರು ಇಪ್ಪತ್ತೇಳು. "ಇದು ಆಗ್ಲಿಕ್ಕಿಲ್ಲ" ಎಂದವರು ಮೂವತ್ತೊಂದು. ಆಗಲಿಕ್ಕಿಲ್ಲ ಎಂದವರೇ ಮರುದಿನ ಎಷ್ಟು ಆಯಿತೆಂದು ನೋಡಲು ಬಂದದ್ದು ಇಪ್ಪತ್ತೆಂಟು. ಒಬ್ಬರು ಮಾತ್ರ ಒಂದು ಸ್ಪ್ಯಾನರ್ ತಂದುಕೊಟ್ಟರು. ಅದೂ ನಮ್ಮದೇ, ಹಿಂದಿನ ವರ್ಷ ಕೊಂಡುಹೋಗಿದ್ದು.

ಇನ್ನು ಉಳಿದದ್ದು ಮೇಲಿನ ಬಾಡಿ. ತಗಡು ಬಡಿಯಲು ಅಣ್ಣನಿಗೆ ಬರುವುದಿಲ್ಲ, ಬಡಿಯುವವರು ಈಗ ಸಿಗುವುದೂ ಇಲ್ಲ. ಫೈಬರಿನಲ್ಲಿ ಮಾಡುವುದೆಂದಾಯಿತು. ನಮ್ಮ ಕಡಲಬದಿಯಲ್ಲಿ ಫೈಬರ್ ಎಂದರೆ ದೋಣಿ, ದೋಣಿ ಎಂದರೆ ಅಮ್ಮನ ಅಣ್ಣ, ನಮ್ಮ ಮಾವ. ಮಾವನ ಶೆಡ್ಡಿನಿಂದ ಇಳಿದ ದೋಣಿ ಇಪ್ಪತ್ತು ವರ್ಷ ಕಳೆದರೂ ಒಂದು ಲೋಟ ನೀರು ಕುಡಿದದ್ದಿಲ್ಲ ಎಂದು ಅವರೇ ಹೇಳುತ್ತಾರೆ. ನಮ್ಮಂಥ ಮನೆಗಳಲ್ಲಿ ತಾಯಿಯ ಅಣ್ಣನ ಮಾತಿಗೆ ಎದುರು ಮಾತಿಲ್ಲ. ಮದುವೆಗೆ ಅವರ ಒಪ್ಪಿಗೆ ಬೇಕು, ಮನೆ ಕಟ್ಟಲು ಬೇಕು, ನಾಯಿ ಸಾಕಲು ಸಹ ಒಂದು ಮಾತು ಕೇಳಬೇಕು. ಅಂಥವರು ಕೆಲಸ ಬಿಟ್ಟು "ಅಳಿಯನ ಕಾರು ನಾನೇ ಮಾಡಿಕೊಡ್ತೇನೆ" ಎಂದಾಗ ಅಮ್ಮನ ಕಣ್ಣಲ್ಲಿ ನೀರು ಬಂತು.

ಅಣ್ಣ ಅಳತೆ ಬರೆದ ಚಿತ್ರ ಕೊಟ್ಟ. "ಮಾವ, ಎರಡು ಪದರ ಫೈಬರ್ ಮ್ಯಾಟ್ ಸಾಕು. ಹಗುರ ಇರಬೇಕು."

ಮಾವ ಚಿತ್ರವನ್ನು ತಲೆಕೆಳಗಾಗಿ ಹಿಡಿದು ನೋಡಿದರು. "ನೀನು ಎಂಜಿನ್ ನೋಡು ಮಾರಾಯ. ಫೈಬರ್ ನಾನು ನೋಡ್ತೇನೆ."

ಮುಂದಿನ ಎಂಟು ದಿನ ಅಣ್ಣ ಚೈನು, ಬ್ರೇಕು, ಸ್ಟಿಯರಿಂಗ್ ಎಂದು ಉಡುಪಿಯಲ್ಲಿ ಅಲೆದ. ಶೆಡ್ಡಿಗೆ ಹೋಗಿ ನೋಡುವ ಜವಾಬ್ದಾರಿ ನನ್ನದು. ಎರಡು ಸಲ ಹೋದೆ. ಉದ್ದ ಅಳೆದೆ, ಅಗಲ ಅಳೆದೆ, ಚಾಲಕನ ತೂತಿನ ಸುತ್ತಳತೆ ಅಳೆದೆ. ಎಲ್ಲ ಸರಿಯಿತ್ತು. ಕನ್ನಡಿಯಂಥ ಕೆಂಪು, ಒಂದು ಗುಳ್ಳೆ ಇಲ್ಲ. ಇಪ್ಪತ್ತೊಂಬತ್ತನೇ ಪುಟದಲ್ಲಿ "ಫಿನಿಶಿಂಗ್ ಉತ್ತಮ" ಎಂದು ಬರೆದು ಎರಡು ಗೆರೆ ಎಳೆದಿದ್ದೇನೆ. ನನ್ನ ಪುಸ್ತಕದಲ್ಲಿ ಸಲಹೆಗೆ ಕಾಲಂ ಇತ್ತು, ಚಹಾಕ್ಕೆ ಕಾಲಂ ಇತ್ತು. ತೂಕಕ್ಕೆ ಇರಲಿಲ್ಲ.

ಮೂವತ್ತಮೂರನೇ ದಿನ ಬಾಡಿ ಟೆಂಪೋದಲ್ಲಿ ನಮ್ಮ ಅಂಗಳಕ್ಕೆ ಬಂತು. ಇಳಿಸಲು ಆರು ಜನ ಬೇಕಾಯಿತು. ಅಣ್ಣ ಒಂದು ಅಂಚು ಹಿಡಿದು ಎತ್ತಿದವನು ಹಾಗೆಯೇ ನನ್ನ ಮುಖ ನೋಡಿದ. ಮಾವ ಆ ಕಡೆ ಅಮ್ಮನ ಹತ್ತಿರ ಮಾತಾಡುತ್ತಿದ್ದಾಗ ನಾವಿಬ್ಬರೂ ಇಳಿಸಿದವರನ್ನೇ ಸೇರಿಸಿಕೊಂಡು ಅದನ್ನು ಅಪ್ಪನ ಐಸ್ ಶೆಡ್ಡಿಗೆ ಸಾಗಿಸಿ ಮೀನಿನ ಬಾಕ್ಸ್ ತೂಗುವ ತಕ್ಕಡಿಯ ಮೇಲೆ ಇರಿಸಿದೆವು. ನೂರಹನ್ನೆರಡು ಕಿಲೋ. ಅಣ್ಣ ಅಂದಾಜು ಮಾಡಿದ್ದು ಇಪ್ಪತ್ತೈದು.

"ಎಷ್ಟು ಪದರ ಹಾಕಿದ್ದು ಮಾವ?" ಎಂದು ಅಣ್ಣ ಮೆಲ್ಲಗೆ ಕೇಳಿದ.

"ಬದಿಗೆ ಆರು, ತಳಕ್ಕೆ ಎಂಟು. ಎರಡು ಪದರದಲ್ಲಿ ಎಂತ ಬರ್ತದೆ? ಟೋಪಿ ಬರ್ತದೆ." ಮಾವ ಬಾಡಿಯ ಬೆನ್ನು ತಟ್ಟಿದರು. ದೇವಸ್ಥಾನದ ಕಂಬ ತಟ್ಟಿದ ಹಾಗೆ ಸದ್ದು ಬಂತು. "ಎರಡೂ ಪಕ್ಕದಲ್ಲಿ ಒಳಗೆ ಥರ್ಮೋಕೋಲ್ ತುಂಬಿಸಿದ್ದೇನೆ."

"ಅದು ಯಾಕೆ?"

"ಮಗುಚಿದರೂ ಮುಳುಗುವುದಿಲ್ಲ."

ತಳವನ್ನು ಪೂರ್ತಿ ಮುಚ್ಚಿದ್ದರು, ನೀರು ಬಾರದ ಹಾಗೆ. ಚೈನು ಹೋಗಲು ಜಾಗ ಇರಲಿಲ್ಲ. ಮೂತಿಯಲ್ಲಿ ಒಂದು ದಪ್ಪ ಸ್ಟೀಲಿನ ಕೊಂಡಿ, ದಡಕ್ಕೆ ಎಳೆಯಲು. ಅಣ್ಣ "ಚಂದ ಆಗಿದೆ ಮಾವ" ಎಂದ. ಬೇರೆ ಎಂತ ಹೇಳುವುದು? ಅಮ್ಮ ಬಾಗಿಲಲ್ಲೇ ನಿಂತಿದ್ದಳು. ಮಾವ ಹೋದ ಮೇಲೆ ಅವನು ಚೈನಿಗಾಗಿ ತಳದಲ್ಲಿ ಅಂಗೈಯಷ್ಟು ತೂತು ಕೊರೆದ. ಅದಕ್ಕೆ ಎರಡು ದಿನ ಮತ್ತು ಮೂರು ಗ್ರೈಂಡರ್ ಬ್ಲೇಡ್ ಹಿಡಿಯಿತು.

ನಲವತ್ತನೇ ದಿನ, ಭಾನುವಾರ ಬೆಳಿಗ್ಗೆ ಓಡಿಸುವ ಮುಹೂರ್ತ. ಅಮ್ಮ ಆರತಿ ಎತ್ತಿ, ಕುಂಕುಮ ಹಚ್ಚಿ, ನಾಲ್ಕು ಚಕ್ರದ ಅಡಿಗೆ ನಾಲ್ಕು ನಿಂಬೆಹಣ್ಣು ಇಟ್ಟಳು. ಬೇಲಿಯಾಚೆ ನಲವತ್ತಮೂರು ಜನ. ಅಣ್ಣ ಹೆಲ್ಮೆಟ್ ಹಾಕಿ ಒಳಗೆ ಇಳಿದ. ಎಂಜಿನ್ ಒಂದು ಸಲ ಕೂಗಿತು, ಕಾರು ನಿಂಬೆಹಣ್ಣಿನ ಮುಂದೆ ನಿಂತೇ ಇತ್ತು. ಇನ್ನೊಮ್ಮೆ ಕೂಗಿತು. ಮೂರು ಹಣ್ಣು ಅಪ್ಪಚ್ಚಿಯಾದವು, ನಾಲ್ಕನೆಯದು ಹಾರಿ ಅಪ್ಪನ ಕಾಲಿಗೆ ಬಡಿಯಿತು. ಅಂಗಳದ ಸಮತಟ್ಟಿನಲ್ಲಿ ಹನ್ನೆರಡು ಅಡಿ ಹೋಯಿತು. ಏರಿನ ಬುಡಕ್ಕೆ ಬಂದು ನಿಂತಿತು. ಕ್ಲಚ್ ಸುಟ್ಟ ವಾಸನೆ. ಅಣ್ಣ ಇಳಿಯಲಿಲ್ಲ, ಸ್ಟಿಯರಿಂಗ್ ಹಿಡಿದೇ ಕೂತಿದ್ದ. ಎಂಜಿನ್ ತಾನಾಗಿಯೇ ಆಫ್ ಆಯಿತು.

"ಮೈಲೇಜ್ ಎಷ್ಟು?" ಎಂದು ಬೇಲಿಯಾಚೆಯಿಂದ ಯಾರೋ ಕೇಳಿದರು. ಆ ಪ್ರಶ್ನೆ ಕೇಳಿದವರಲ್ಲಿ ಇಪ್ಪತ್ತೆಂಟನೆಯವರು.

"ಬಂಗುಡೆ ಐಸಿನಿಂದ ತೆಗೆದ ಹಾಗೆ ಉಂಟು" ಎಂದು ಅಪ್ಪ ಹೇಳಿ ಒಳಗೆ ಹೋದರು. ಮಾವನೊಬ್ಬರೇ ಬಾಡಿಯ ಸುತ್ತ ಬಂದು ಎಲ್ಲಿಯೂ ಬಿರುಕು ಬಂದಿಲ್ಲವೆಂದು ಸಂತೋಷಪಟ್ಟರು. ಕೊಂಡಿಗೆ ಹಗ್ಗ ಕಟ್ಟಿ ಕಾರನ್ನು ಹಿಂದಕ್ಕೆ ಎಳೆದೆವು. ಬಾಕಿ ಇಪ್ಪತ್ತು ದಿನ.

ಕಾರ್ಕಳದ ಒಬ್ಬ ಫೋಟೋಗ್ರಾಫರ್ ಬಂದದ್ದು ಅದೇ ವಾರ. ನಮ್ಮ ಲೈಟ್‌ಹೌಸಿನ ಸುತ್ತ ಈಗ ಮದುವೆಗೆ ಮುಂಚಿನ ಫೋಟೋ ತೆಗೆಸಿಕೊಳ್ಳುವವರ ಸಾಲು. ಬಂಡೆಯ ಮೇಲೆ ಒಂದು ಜೋಡಿ ಪ್ರೀತಿಸಿ ಮುಗಿಸುವವರೆಗೆ ಇನ್ನೊಂದು ಜೋಡಿ ಕೆಳಗೆ ಬಟ್ಟೆ ಬದಲಿಸಿಕೊಂಡು ಕಾಯುತ್ತಿರುತ್ತದೆ. ಒಂದು ಜೋಡಿಯನ್ನು ಕರೆದುಕೊಂಡು ಹೋಗುತ್ತಿದ್ದ ಆತ ರಸ್ತೆಯಿಂದ ನಮ್ಮ ಅಂಗಳದ ಕೆಂಪು ಕಂಡು ಕಾರು ನಿಲ್ಲಿಸಿದ.

"ಇದು ಯಾವುದು ಸರ್, ಇಂಪೋರ್ಟೆಡ್ಡಾ?"

"ಇಲ್ಲಿಯದ್ದೇ" ಎಂದ ಅಣ್ಣ. "ಆದರೆ ಇದು ಓಡುವುದು..."

"ಓಡುವುದು ಬೇಡ ಸರ್. ಓಡಿದರೆ ಫೋಟೋ ಶೇಕ್ ಆಗ್ತದೆ."

ಮದುಮಗ ಒಳಗೆ ಕೂತ. ಮದುಮಗಳು ಬಾನೆಟ್ಟಿಗೆ ಒರಗಿದಳು. ಮಾವ ಹಾಕಿದ ಎಂಟು ಪದರ ಅಲುಗಾಡಲಿಲ್ಲ. ಎರಡು ಗಂಟೆ ಹನ್ನೊಂದು ನಿಮಿಷ ಫೋಟೋ ತೆಗೆದರು. ಒಬ್ಬರೂ ಸ್ಟಾರ್ಟ್ ಆಗ್ತದಾ ಎಂದು ಕೇಳಲಿಲ್ಲ. ಹೊರಡುವಾಗ ಆತ ಅಪ್ಪನ ನಂಬರ್ ಬರೆದುಕೊಂಡು, "ಎಂಜಿನ್ ಒಂದು ತೆಗೆದುಬಿಡಿ ಸರ್, ಸೀರೆಗೆ ಗ್ರೀಸ್ ಹಿಡೀತದೆ" ಎಂದ.

ಮರುದಿನದಿಂದ ಅಪ್ಪನ ಫೋನಿಗೆ ಬಿಡುವಿಲ್ಲ. ಕಾರ್ಕಳದ ಒಂದು ಮದುವೆ ಹಾಲಿಗೆ ಬೇಕಂತೆ, ಮದುಮಗ ಅದರಲ್ಲಿ ಕೂತು ವೇದಿಕೆಗೆ ಬರಬೇಕಂತೆ, ಹೊಗೆಯ ನಡುವಿನಿಂದ ನಾಲ್ಕು ಜನ ಹಗ್ಗ ಹಿಡಿದು ಎಳೆಯುತ್ತಾರಂತೆ. ಅಂಬಲಪಾಡಿಯಲ್ಲಿ ಒಂದು ನಿಶ್ಚಿತಾರ್ಥಕ್ಕೆ. ಮಣಿಪಾಲದಲ್ಲಿ ಒಂದು ಹುಟ್ಟುಹಬ್ಬಕ್ಕೆ. ಮದುವೆ ಸೀಸನ್ನಿನ ದಿನಗಳನ್ನು ಅಪ್ಪ ಕ್ಯಾಲೆಂಡರಿನಲ್ಲಿ ಸುತ್ತು ಹಾಕತೊಡಗಿದರು. ಮುಂಚೆ ಆ ಕ್ಯಾಲೆಂಡರಿನಲ್ಲಿ ಏಕಾದಶಿಗೆ ಮಾತ್ರ ಸುತ್ತು ಇರುತ್ತಿತ್ತು, ಆ ದಿನ ಮೀನು ಹೋಗುವುದಿಲ್ಲವೆಂದು. ಕಾರಿನ ಸುತ್ತುಗಳು ಐದು ದಿನದಲ್ಲಿ ಏಳಾದವು. "ಇನ್ನೊಂದು ಬಿಳಿಯದ್ದು ಇದ್ದಿದ್ದರೆ" ಎಂದು ಊಟದ ಮಧ್ಯೆ ತಮ್ಮಷ್ಟಕ್ಕೆ ಹೇಳಿಕೊಂಡರು.

ಆಗಲಿಕ್ಕಿಲ್ಲ ಎಂದಿದ್ದ ಮೂವತ್ತೊಂದು ಜನರಲ್ಲಿ ಹತ್ತೊಂಬತ್ತು ಜನ ಬಂದು ತಾವು ಮೊದಲೇ ಹೇಳಿದ್ದೆವಲ್ವಾ ಎಂದರು.

ಅಣ್ಣ ಮಾತು ಕಡಿಮೆ ಮಾಡಿದ. ಅಪ್ಪ ಟಿಕೆಟಿನ ವಿಷಯ ಎತ್ತಲಿಲ್ಲ. ಅಣ್ಣ ಕೇಳಲೂ ಇಲ್ಲ. ಶರತ್ತು ಶರತ್ತೇ, ಗೇಟಿನಿಂದ ಶಾಲೆಗೆ ಹೋಗಿ ಬರಬೇಕು. ಐವತ್ತನೇ ದಿನ ಅವನು ಸೂಟ್‌ಕೇಸನ್ನು ಅಟ್ಟದಿಂದ ಇಳಿಸಿ ಒರೆಸಿಟ್ಟ. ಬಾಡಿಯನ್ನು ಗ್ರೈಂಡರಿನಲ್ಲಿ ಕೊಯ್ದು ತೆಳ್ಳಗೆ ಮಾಡೋಣ ಎಂದು ನಾನು ಹೇಳಿದೆ. "ಮಾವ ಮಾಡಿದ್ದನ್ನು ಕೊಯ್ದು ನಾನು ಈ ಊರಿನಲ್ಲಿ ಇರುವುದಾ?" ಎಂದ. ಕೊಯ್ಯದಿದ್ದರೂ ಇರುವ ಹಾಗಿಲ್ಲವಲ್ಲ ಎಂದು ನನ್ನ ನಾಲಿಗೆಯ ತುದಿಗೆ ಬಂತು.

ಐವತ್ತೈದನೇ ದಿನ ಕೆಲಸದಿಂದ ಬರುವಾಗ ಮನೆಗೆ ಹೋಗದೆ ನೇರ ಮಾವನ ಶೆಡ್ಡಿಗೆ ಹೋದೆ. ಚೀಲದಲ್ಲಿ ನೋಟ್‌ಬುಕ್ ಇತ್ತು. ಮಾವ ಮಗುಚಿಟ್ಟ ದೋಣಿಯ ಹೊಟ್ಟೆ ಉಜ್ಜುತ್ತಿದ್ದರು. ನಾನು ಪುಟ ಬಿಡಿಸಿ ಓದಿದೆ. ಬಾಡಿ ನೂರಹನ್ನೆರಡು. ಚಾಸಿ, ಚಕ್ರ, ಎಂಜಿನ್ ಸೇರಿ ಎಂಬತ್ತೊಂದು. ಅಣ್ಣ ಅರವತ್ತೆಂಟು. ಹಳೆಯ ಮೊಪೆಡ್ ಎಂಜಿನ್ ಇಷ್ಟನ್ನು ಏರು ಹತ್ತಿಸುವುದಿಲ್ಲ ಮಾವ, ಅಣ್ಣ ನಿಮ್ಮ ಹತ್ತಿರ ಹೇಳಲು ಹೆದರಿ ವಿಮಾನ ಹತ್ತುತ್ತಾನೆ.

ಕೊನೆಯ ವಾಕ್ಯ ಪುಸ್ತಕದಲ್ಲಿ ಇರಲಿಲ್ಲ.

ಮಾವ ಉಜ್ಜುವುದನ್ನು ನಿಲ್ಲಿಸಿದರು. "ನೂರಹನ್ನೆರಡಾ? ಅದು ದೋಣಿಗೆ ಹಗುರ."

"ದೋಣಿಗೆ ಹೌದು ಮಾವ."

ಅವರು ಕೈಯ ಧೂಳು ಕೊಡವಿದರು. ಬೈಗುಳಕ್ಕೆ ನಾನು ತಯಾರಾಗಿದ್ದೆ.

"ಕೊಯ್ಯಲಿಕ್ಕೆ ನಾನು ಬಿಡುವುದಿಲ್ಲ" ಎಂದರು. "ನಿನ್ನ ಅಪ್ಪ ಎಂತ ಹೇಳಿದ್ದು? ಗಾಡಿ ಹೋಗಿ ಬರಬೇಕು ಅಂತಲಾ, ಬಾಡಿ ಹೋಗಿ ಬರಬೇಕು ಅಂತಲಾ?"

"ಗಾಡಿ."

"ಮತ್ತೆಂತ? ಬೋಲ್ಟು ಬಿಚ್ಚಿ ಬಾಡಿ ತೆಗೆದಿಡಿ. ದೋಣಿಯ ಎಂಜಿನ್ ಟ್ರಯಲ್ ನೋಡುವಾಗ ನಾವು ದೋಣಿಯನ್ನು ತಲೆ ಮೇಲೆ ಹೊತ್ತುಕೊಳ್ತೇವಾ? ಇಷ್ಟು ಓದಿದವರು ನೀವು, ಇಷ್ಟು ಬರೀತೀರಿ!"

ಹನ್ನೆರಡು ಬೋಲ್ಟು. ಹದಿನೈದು ದಿನದಿಂದ ನಮ್ಮ ಕಣ್ಣ ಮುಂದೆಯೇ ಇದ್ದವು. ಸಲಹೆಗಳ ಪಟ್ಟಿಯಲ್ಲಿ ಹುಡುಕಿದೆ, ಅದು ಮಾತ್ರ ಇರಲಿಲ್ಲ.

ಐವತ್ತೇಳನೇ ದಿನ ಬೆಳಿಗ್ಗೆ ಏಳು ಗಂಟೆಗೆ ಬಾಡಿ ತೆಂಗಿನ ಮರದ ಬುಡದಲ್ಲಿ ನಾಲ್ಕು ಕಲ್ಲಿನ ಮೇಲೆ ಕೂತಿತ್ತು. ಸೀಟು ಬಾಡಿಯಲ್ಲೇ ಉಳಿದದ್ದರಿಂದ ಚಾಸಿಯ ಮೇಲೆ ಅಪ್ಪನ ನೀಲಿ ಮೀನಿನ ಕ್ರೇಟನ್ನು ಮಗುಚಿ ಕಟ್ಟಿದೆವು. ಬೇಲಿಯಾಚೆ ಈ ಸಲ ಯಾರೂ ಇಲ್ಲ. ನೋಡಲು ಕೆಂಪು ಇರಲಿಲ್ಲವಲ್ಲ. ಮಾವ ಗೇಟಿನ ಹತ್ತಿರ ಕೈಕಟ್ಟಿ ನಿಂತರು. ಅಪ್ಪ ಫೋನಿನಲ್ಲಿ ಮಾತಾಡುತ್ತಲೇ ಜಗಲಿಗೆ ಬಂದರು.

ಅಣ್ಣ ಕ್ರೇಟಿನ ಮೇಲೆ ಕೂತು ಎಂಜಿನ್ ಕೂಗಿಸಿದ. ಗಾಡಿ ಏರನ್ನು ಒಂದೇ ಸಲಕ್ಕೆ ಹತ್ತಿ, ಗೇಟು ದಾಟಿ, ಎಡಕ್ಕೆ ಹೊರಳಿತು. ಮೊದಲನೇ ತಿರುವಿನವರೆಗೆ ಕಂಡ, ಆಮೇಲೆ ಸದ್ದು ಮಾತ್ರ. ನಾಯಿಯೊಂದು ಬೊಗಳಿದ್ದು ಕೇಳಿತು, ಅಂದರೆ ಎರಡನೇ ತಿರುವು. ಮತ್ತೆ ಸದ್ದೂ ಇಲ್ಲ. ಮಾವ ರಸ್ತೆಗೆ ಇಳಿದು ಇಣುಕಿದರು. ಅಮ್ಮ ಕೈಯಲ್ಲಿದ್ದ ಸೌಟು ಸಮೇತ ಬಂದು ನಿಂತಳು. ನನ್ನ ಗಡಿಯಾರದಲ್ಲಿ ಮೂರು ನಿಮಿಷ. ಮೂರೂವರೆ. ಆಗ ನಾಯಿ ಮತ್ತೆ ಬೊಗಳಿತು.

ನಾಲ್ಕು ನಿಮಿಷ ಹತ್ತು ಸೆಕೆಂಡಿಗೆ ಅಣ್ಣ ಗೇಟಿನೊಳಗೆ ಬಂದ. ಮುಖಕ್ಕೆಲ್ಲ ಎಣ್ಣೆಯ ಹನಿ. ಅವನು ಹಾಗೆ ನಕ್ಕದ್ದನ್ನು ನಾನು ಏಳು ವರ್ಷದಿಂದ ನೋಡಿರಲಿಲ್ಲ. ಗಾಡಿಯನ್ನು ಜಗಲಿಯ ಮುಂದೆ ತಂದು ನಿಲ್ಲಿಸಿದ. ಎಂಜಿನ್ ಆಫ್ ಮಾಡಲಿಲ್ಲ.

"ಹೋಗಿ ಬಂದೆ ಅಪ್ಪ. ಯಾರೂ ದೂಡಲಿಲ್ಲ. ಕ್ಯಾನ್ಸಲ್ ಮಾಡ್ತೀರಾ?"

ಅಪ್ಪ ಫೋನನ್ನು ಎದೆಗೆ ಒತ್ತಿಕೊಂಡರು. "ಎಂತ, ಟಿಕೆಟಾ? ಅದು ಮೊನ್ನೆಯೇ ಮಾಡಿಸಿದೆ ಮಾರಾಯ. ನಿನ್ನ ಹತ್ತಿರ ಹೇಳಲಿಲ್ವಾ? ಬುಕಿಂಗ್ ಇಷ್ಟು ತೆಗೊಂಡ ಮೇಲೆ ನಿನ್ನನ್ನು ಕಳಿಸಿ ಬಿಳಿಯದ್ದನ್ನು ಯಾರು ಮಾಡುವುದು?"

ಅಣ್ಣನ ನಗು ಅಲ್ಲಿಯೇ ನಿಂತಿತು. ಅವನು ಅಪ್ಪನನ್ನು ನೋಡಿದ, ಮರದ ಬುಡದ ಕೆಂಪು ಬಾಡಿಯನ್ನು ನೋಡಿದ. ಕ್ರೇಟಿನ ಅಡಿಯಲ್ಲಿ ಎಂಜಿನ್ ಬಡಬಡ ಎನ್ನುತ್ತಿತ್ತು.

"ಬಿಳಿಯದ್ದನ್ನೂ ಮಾಡ್ತೇನೆ, ಇದನ್ನೂ ಕೊಡ್ತೇನೆ" ಎಂದ. "ಆದರೆ ಎಂಜಿನ್ ಇಲ್ಲದೆ ಒಂದು ಗಾಡಿಯನ್ನೂ ಈ ಗೇಟು ದಾಟಿಸುವುದಿಲ್ಲ. ಮೊದಲು ಶಾಲೆಯ ತನಕ ಓಡಬೇಕು. ಆಮೇಲೆ ಬೇಕಾದರೆ ಹಗ್ಗ ಕಟ್ಟಿ ಎಳೆಯಲಿ."

ಅಪ್ಪ ಮಾವನ ಮುಖ ನೋಡಿದರು. ಮಾವ "ಸರಿಯೇ ಭಾವ, ಅವನ ಕೆಲಸ ಅವನಿಗೆ ಬಿಡಿ" ಎಂದರು. ಅದಕ್ಕೆ ಎದುರು ಮಾತಿಲ್ಲ.

"ಎಂಜಿನ್ ಹಾಕು, ಹಾಕು. ಯಾರು ಬೇಡ ಅಂದದ್ದು?" ಎಂದು ಅಪ್ಪ ಫೋನನ್ನು ಮತ್ತೆ ಕಿವಿಗಿಡುತ್ತಾ ಒಳಗೆ ತಿರುಗಿದರು. "ಮದುಮಕ್ಕಳು ಸ್ಟಾರ್ಟ್ ಮಾಡದಿದ್ದರೆ ಆಯ್ತು."

ಅಣ್ಣ ಗಾಡಿಯ ಮೂತಿ ತಿರುಗಿಸಿ ಇನ್ನೊಂದು ಸಲ ಶಾಲೆಯ ಕಡೆಗೆ ಹೊರಟ.